ಯಾವುದು ಕೈತಪ್ಪಿ ಹೋದೀತು?

ಕೇಳುಗರಿಗೆ ನಮಸ್ಕಾರ.

ದಿನದ ಕೆಲಸ ಮುಗಿಸಿ, ರಿಮೋಟ್ ಹಿಡಿದು ಟಿವಿ ಮುಂದೆ ಕೂರುವವರಿಗೆ ಈ ಮಾತು. ಆಕ್ಷನ್ ಧಾರಾವಾಹಿ ಹಾಕುತ್ತೀರಿ. ಕಾರು ಪಲ್ಟಿ ಹೊಡೆಯುತ್ತದೆ, ಕಟ್ಟಡ ಹೊತ್ತಿ ಉರಿಯುತ್ತದೆ. ನಿಮಗೆ ಮಾತ್ರ ಆಕಳಿಕೆ ಬರುತ್ತದೆ. ಯಾಕೆ? ಬಹಳ ವರ್ಷಗಳಿಂದ ಇಂಥವನ್ನೇ ನೋಡುತ್ತಾ, ಇವುಗಳ ಬಗ್ಗೆಯೇ ಬರೆಯುತ್ತಾ ಬಂದಿದ್ದೇನೆ. ನನಗೆ ಕಂಡ ಕಾರಣ ಒಂದೇ. ಆ ಕಥೆಯಲ್ಲಿ ಯಾರ ಕೈಯಿಂದಲೂ ಏನೂ ತಪ್ಪಿ ಹೋಗುವುದಿಲ್ಲ. ಹೋಗುವುದಿಲ್ಲ ಎಂದು ನಮಗೆ ಮೊದಲೇ ಗೊತ್ತಿರುತ್ತದೆ.

ಅಮೆರಿಕದಲ್ಲಿ 1983ರಲ್ಲಿ ಶುರುವಾದ ‘ದಿ ಎ-ಟೀಮ್’ ನೋಡಿ. ಪ್ರತಿ ವಾರ ಗುಂಡಿನ ಮಳೆ. ಆದರೆ ಯಾರಿಗಾದರೂ ಗುಂಡು ತಗಲುವುದು ತೀರಾ ಅಪರೂಪ. ಜೀಪು ಗಾಳಿಯಲ್ಲಿ ಹಾರಿ ಮಗುಚಿ ಬೀಳುತ್ತಿತ್ತು, ಒಳಗಿದ್ದವರು ಮೈ ಕೊಡವಿಕೊಂಡು ಎದ್ದು ಬರುತ್ತಿದ್ದರು. ಮೊದಮೊದಲು ಮಜವಾಗಿತ್ತು. ಎಂಟು ಹತ್ತು ವಾರ ಆದ ಮೇಲೆ ಗುಂಡಿನ ಸದ್ದು ಕೇಳಿದರೂ ನಾನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಈಗ ‘24’ ಧಾರಾವಾಹಿಗೆ ಬನ್ನಿ. 2001ರ ನವೆಂಬರಿನಲ್ಲಿ ಶುರುವಾಯಿತು. ಒಂದು ಸೀಸನ್ ಎಂದರೆ ಒಂದೇ ದಿನ. 24 ಕಂತು, ಕಂತಿಗೊಂದು ಗಂಟೆ. ನಡುವೆ ಜಾಹೀರಾತು ಬಂದರೂ ಕಥೆಯ ಗಡಿಯಾರ ನಿಲ್ಲದು. ನಾಯಕ ಜ್ಯಾಕ್ ಬೌರ್ ಆ ದಿನವೆಲ್ಲ ಹೆಂಡತಿ, ಮಗಳನ್ನು ಉಳಿಸಲು ಓಡುತ್ತಾನೆ. ಮಗಳು ಉಳಿಯುತ್ತಾಳೆ, ಹೆಂಡತಿ ಉಳಿಯುವುದಿಲ್ಲ. ಆಗ ಪರದೆಯ ಮೇಲಿನ ಗಡಿಯಾರ ಸದ್ದಿಲ್ಲದೆ ಓಡುತ್ತದೆ. ಅಷ್ಟೇ! ಒಂದು ಬಾಂಬೂ ಸಿಡಿಯದ ಆ ಗಳಿಗೆಯಲ್ಲಿ ನನಗೆ ಎದೆ ಹಿಂಡಿದಂತಾಯಿತು. ಆದರೆ ಇದೇ ಧಾರಾವಾಹಿ ಮುಂದಿನ ಸೀಸನ್ನಿನಲ್ಲಿ ಎಡವಿತು. ಅತ್ತ ಲಾಸ್ ಏಂಜಲೀಸಿನಲ್ಲಿ ಅಣುಬಾಂಬಿನ ಭಯ, ಇತ್ತ ಮಗಳಿಗೆ ಕಾಡಿನಲ್ಲಿ ಕೂಗರ್ ಎಂಬ ಪ್ರಾಣಿ ಎದುರು! ಕಥೆಗೂ ಆ ಪ್ರಾಣಿಗೂ ಏನು ಸಂಬಂಧ? ಹೊತ್ತು ಕಳೆಯುವುದಕ್ಕೆ ಸುಮ್ನೆ ತಂದು ಬಿಟ್ಟ ಪ್ರಾಣಿ ಅದು. ಇಂಥದ್ದು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಇನ್ನು ಮನೆಮಂದಿಯೆಲ್ಲ ಕೂತು ನೋಡುವ ಹಾಸ್ಯ ಚಿತ್ರಗಳ ಎರಡನೇ ಭಾಗ, ಮೂರನೇ ಭಾಗ. ನಗೆಚಿತ್ರಕ್ಕೆ ಈ ಮಾತು ಸಲ್ಲದು ಅಂತೀರಾ? ಸಲ್ಲುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವಳು ತಂಗಿಯ ಮಗಳು. ಆಗ ಅವಳಿಗೆ ಎಂಟು ವರ್ಷ.

ಅವಳಿಗೆ 1990ರ ‘ಹೋಮ್ ಅಲೋನ್’ ಹಾಕಿ ತೋರಿಸಿದೆ. ಮನೆಯವರೆಲ್ಲ ಗಡಿಬಿಡಿಯಲ್ಲಿ ಪ್ರವಾಸ ಹೊರಡುತ್ತಾರೆ. ತಲೆ ಎಣಿಸುವಾಗ ಪಕ್ಕದ ಮನೆಯ ಹುಡುಗನೂ ಲೆಕ್ಕಕ್ಕೆ ಸೇರಿಬಿಡುತ್ತಾನೆ. ಮನೆಯ ಕಿರಿಮಗ ಕೆವಿನ್ ಅಟ್ಟದಲ್ಲೇ ಉಳಿಯುತ್ತಾನೆ. ಮನೆಗೆ ನುಗ್ಗಲು ಬಂದ ಇಬ್ಬರು ಕಳ್ಳರು ಅವನು ಹೂಡಿದ ಉಪಾಯಗಳಿಗೆ ಸಿಕ್ಕಿ ಜಾರಿ ಬಿದ್ದಾಗಲೆಲ್ಲ ಇವಳು ಬಿದ್ದು ಬಿದ್ದು ನಕ್ಕಳು. ಆದರೆ ಕೆವಿನ್ ಚರ್ಚಿನಲ್ಲಿ ಪಕ್ಕದ ಮನೆಯ ಮುದುಕನ ಜೊತೆ ಕೂತು ಮಾತಾಡುವಾಗ ಮೆಲ್ಲಗೆ ಸರಿದು ಬಂದು ನನ್ನ ತೋಳು ಹಿಡಿದುಕೊಂಡಳು. ಕೊನೆಗೆ ಅಮ್ಮ ಬಾಗಿಲಲ್ಲಿ ಕಂಡಳಲ್ಲ, ಆಗಲೇ ಬಿಟ್ಟದ್ದು.

ಮಾರನೇ ದಿನ ಎರಡನೇ ಭಾಗ, 1992ರದ್ದು. ಈ ಸಲ ವಿಮಾನ ನಿಲ್ದಾಣದಲ್ಲಿ ಹುಡುಗ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರುತ್ತಾನೆ. ಮನೆಯವರು ಮಯಾಮಿಗೆ ಹೋಗಿರುತ್ತಾರೆ. ಅಲ್ಲಿ ಒಬ್ಬರಿಂದೊಬ್ಬರಿಗೆ ಬ್ಯಾಗು ದಾಟಿಸುತ್ತಾ ಬಂದಾಗ ಕೆವಿನ್‌ನ ಬ್ಯಾಗು ಹಿಡಿಯಲು ಕೆವಿನ್ನೇ ಇಲ್ಲ! ಇವಳಿಗೆ ನಗು ಬರಲಿಲ್ಲ, ಕೋಪ ಬಂತು. “ಮಾಮ, ಇವರಿಗೆ ಬುದ್ಧಿ ಬರಲೇ ಇಲ್ವಾ? ಮತ್ತೆ ಮರೆತರಾ?” ನನ್ನ ಬಳಿ ಉತ್ತರ ಇರಲಿಲ್ಲ.

ಆಮೇಲೆ ಮೆಟ್ಟಿಲ ಮೇಲಿನ ಆ ದೃಶ್ಯ. ಮೊದಲ ಭಾಗದಲ್ಲಿ ಹಗ್ಗಕ್ಕೆ ಕಟ್ಟಿದ ಪೇಂಟ್ ಡಬ್ಬಿ ತೂಗಿ ಬಂದು ಕಳ್ಳರ ಮುಖಕ್ಕೆ ಬಡಿದಿತ್ತು. ಇಲ್ಲೂ ಡಬ್ಬಿ ಬಂತು. ಕಳ್ಳರಿಗೆ ನೆನಪಿದೆ, ತಪ್ಪಿಸಿಕೊಂಡರು. ನೆನಪಿದೆ ಎಂದು ಹುಡುಗನಿಗೂ ಗೊತ್ತು. ಹಿಂದೆಯೇ ದೊಡ್ಡ ಕಬ್ಬಿಣದ ಪೈಪು ಬಂತು! ಇವಳು ಸೋಫಾದಿಂದ ಕೆಳಗೆ ಉರುಳಿ ನಕ್ಕಳು. ಮೂರು ಸಲ ಹಿಂದಕ್ಕೆ ಓಡಿಸಿ ತೋರಿಸಬೇಕಾಯಿತು. ಎರಡನೇ ಭಾಗ ಎಂದರೆ ಹಾಗಿರಬೇಕು, ಹಳೆಯದನ್ನು ನೆನಪಿಟ್ಟು ಮುಂದಕ್ಕೆ ಹೋಗಬೇಕು. ಆ ಚಿತ್ರ ಅಲ್ಲೊಂದು ಕಡೆ ಹೋಯಿತು, ಉಳಿದ ಕಡೆ ಜಾಸ್ತಿ ಹೋಗಲಿಲ್ಲ.

ಆದರೂ ದೊಡ್ಡ ಕ್ರಿಸ್‌ಮಸ್ ಮರದ ಮುಂದೆ ಹುಡುಗ ಒಬ್ಬನೇ ನಿಂತು ಅಮ್ಮನನ್ನು ನೆನೆದಾಗ ಕೋಣೆಯೆಲ್ಲ ಮೌನ. ಅಮ್ಮ ಬಂದಳು. ಇವಳು ಕಣ್ಣೊರೆಸಿಕೊಂಡು ಕೇಳಿದಳು, “ಮುಂದಿನ ಸಲವಾದರೂ ಸರಿಯಾಗಿ ಎಣಿಸ್ತಾರಾ?”

ಕೇಳುಗರೆ, ಆ ಮಗು ಕೇಳಿದ್ದು ಪೈಪಿನ ಬಗ್ಗೆ ಅಲ್ಲ. ಅಮ್ಮ ಕೈತಪ್ಪಿ ಹೋದಾಳು ಎಂಬ ಭಯ ಕೆಳಗೆ ಇದ್ದದ್ದರಿಂದಲೇ ಮೇಲಿನ ನಗು ಅಷ್ಟು ಜೋರಾಗಿತ್ತು. 1997ರ ಮೂರನೇ ಭಾಗ ನೋಡಿ. ಹುಡುಗ ಬೇರೆ, ಕಳ್ಳರು ಇಬ್ಬರಲ್ಲ, ನಾಲ್ವರು. ಆದರೆ ಅವನಿಗೆ ಸಿಡುಬಿನಂಥ ಗುಳ್ಳೆ ಎದ್ದು ಮನೆಯಲ್ಲಿದ್ದಾನೆ, ಅಷ್ಟೇ. ಅಮ್ಮ ಕೆಲಸಕ್ಕೆ ಹೋಗಿ ವಾಪಸ್ ಬರುತ್ತಾಳೆ. ಏನು ಕೈತಪ್ಪಿತು? ಏನೂ ಇಲ್ಲ. ಅರ್ಧಕ್ಕೇ ಇವಳು ಎದ್ದು ಆಡಲು ಹೋದಳು.

ಸಮಯ ಆಯಿತು ಎಂದು ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ‘ಮ್ಯಾಕ್‌ಗೈವರ್’ ಧಾರಾವಾಹಿಯ ಬಗ್ಗೆ ಹೇಳಬೇಕೆಂದಿದ್ದೆ. ಬಂದೂಕು ಮುಟ್ಟಲು ಇಷ್ಟಪಡದೆ, ಚಾಕು, ಟೇಪು ಹಿಡಿದೇ ಪಾರಾಗುವ ನಾಯಕ ಅವನು. ಅದು ಇನ್ನೊಂದು ದಿನಕ್ಕಿರಲಿ.

ಆದರೆ 1999ರ ‘ಟಾಯ್ ಸ್ಟೋರಿ 2’ ಹೇಳದೆ ಏಳಲಾರೆ. ವುಡಿ ಎಂಬ ಗೊಂಬೆಯ ಮುಂದೆ ಎರಡು ದಾರಿ. ಜಪಾನಿನ ಮ್ಯೂಸಿಯಮ್ಮಿಗೆ ಹೋದರೆ ಎಂದೂ ಸವೆಯದೆ ಇರಬಹುದು. ಮನೆಗೆ ಮರಳಿದರೆ ತನ್ನನ್ನು ಆಡಿಸುವ ಹುಡುಗ ಒಂದು ದಿನ ದೊಡ್ಡವನಾಗಿ ಮರೆತುಬಿಡುತ್ತಾನೆ. ಹಾಗೆಂದು ಗೊತ್ತಿದ್ದೂ ಗೊಂಬೆ ಮನೆಗೇ ಬರುತ್ತದೆ. ಮೊದಲ ಭಾಗಕ್ಕಿಂತ ಇದೇ ಒಂದು ಕೈ ಮೇಲು ಎನ್ನುವವನು ನಾನು. ಈ ವಾರ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ನೋಡಿ, ನಡುನಡುವೆ ಅವರ ಮುಖವನ್ನೂ ನೋಡಿ. ನಮಸ್ಕಾರ.