ದೆವ್ವ ಯಾರು ಎಂದು ಕೇಳುವ ಮೊದಲು
(ಮಂಡ್ಯದಲ್ಲಿ ‘ದಿ ವೇಲಿಂಗ್’ ಚಿತ್ರ ಪ್ರದರ್ಶನದ ನಂತರ, ಚರ್ಚೆಗೆ ಮುನ್ನ ನೀಡಿದ ಉಪನ್ಯಾಸ)

ಸ್ನೇಹಿತರೇ, ನಮಸ್ಕಾರ.

ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯನ್ನು ರಾತ್ರಿಯಿಡೀ ಕೂತು ಕೇಳಿದ ಸೀಮೆ ನಮ್ಮದು. 156 ನಿಮಿಷದ ಕೊರಿಯನ್ ಚಿತ್ರವನ್ನು ನೀವು ಕದಲದೆ ನೋಡಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ದೀಪ ಹತ್ತಿಕೊಂಡ ಕೂಡಲೇ ಎದ್ದ ಪ್ರಶ್ನೆಯೂ ನಿರೀಕ್ಷಿಸಿದ್ದೇ: ಹಾಗಾದರೆ ದೆವ್ವ ಯಾರು? ಕಾಡಿನಲ್ಲಿದ್ದ ಜಪಾನಿನ ಮುದುಕನೋ, ಬಿಳಿಯುಡುಗೆಯ ಆ ಹೆಂಗಸೋ?

ನಾ ಹಾಂಗ್-ಜಿನ್ 2016ರಲ್ಲಿ ತೆರೆಗೆ ತಂದ ಈ ಚಿತ್ರವನ್ನು ಕೊರಿಯಾದ ಚಿತ್ರಮಂದಿರಗಳಲ್ಲಿ 68 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಅವರೂ ಇದೇ ಪ್ರಶ್ನೆ ಹೊತ್ತು ಹೊರಬಂದರು. ನನ್ನ ಆಸಕ್ತಿ ಬೇರೆಡೆ ಇದೆ. ಜೊಂಗ್-ಗು ಎಂಬ ಆ ಸಾಧಾರಣ ಪೊಲೀಸಿನವನು ಯಾವ ಹೊತ್ತಿನಲ್ಲಿ, ಯಾರ ಮಾತು ಕೇಳಿ ಏನು ಮಾಡಿದ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ.

ಊರಿನಲ್ಲಿ ಸಾವಿನ ಮೇಲೆ ಸಾವು. ವಿಷದ ಅಣಬೆ ತಿಂದು ಮತಿಗೆಟ್ಟಿದ್ದಾರೆ ಎಂದು ಅಧಿಕೃತ ವಿವರಣೆ. ಜನರ ಬಾಯಲ್ಲಿ ಮಾತ್ರ ಜಪಾನಿನವನ ಸುದ್ದಿ. ಜಪಾನ್ 1910ರಿಂದ 1945ರವರೆಗೆ ಕೊರಿಯಾವನ್ನು ಆಳಿದ ದೇಶ. ಆ ಗಾಯ ಹಳ್ಳಿಯವರ ಅನುಮಾನದ ಅಡಿಯಲ್ಲಿ ಇದ್ದೇ ಇದೆ. ತನ್ನ ಮಗಳು ಹ್ಯೊ-ಜಿನ್ ಕೂಡ ಹಾಗೆಯೇ ಮತಿಗೆಡತೊಡಗಿದಾಗ ಜೊಂಗ್-ಗು ಮುದುಕನ ಮನೆಗೆ ನುಗ್ಗಿ ಪೂಜೆಯ ಸಾಮಗ್ರಿಯನ್ನೆಲ್ಲ ಒಡೆಯುತ್ತಾನೆ, ನಾಯಿಯನ್ನು ಕೊಲ್ಲುತ್ತಾನೆ, ಊರು ಬಿಟ್ಟು ಹೋಗಲು ಗಡುವು ಕೊಡುತ್ತಾನೆ. ಮುಂದೆ ಗೆಳೆಯರ ಗುಂಪು ಕಟ್ಟಿಕೊಂಡು ಬೇಟೆಗೆ ಹೊರಡುತ್ತಾನೆ. ಮುದುಕ ಅವರ ವಾಹನಕ್ಕೇ ಸಿಕ್ಕಾಗ ದೇಹವನ್ನು ರಸ್ತೆಯಂಚಿನಿಂದ ಕೆಳಗೆಸೆದು ಮನೆಗೆ ಬರುತ್ತಾರೆ. ಚಿತ್ರದಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸಿದ್ದು ಆ ಗಳಿಗೆ. ಅಲ್ಲಿ ಯಾವ ಮಾಯೆಯೂ ಇಲ್ಲ, ಇರುವುದು ಮನುಷ್ಯರು ಮಾತ್ರ.

ನಮ್ಮ ಅಕ್ಕಪಕ್ಕದಲ್ಲಿ ಹೀಗೆ ನಡೆದಿಲ್ಲವೇ? 1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವದ ವದಂತಿಗೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಇಲ್ಲಿ ಹಲವರಿಗೆ ನೆನಪಿರಬಹುದು. ಆ ವದಂತಿ ಸೀಮೆಸುಣ್ಣದಲ್ಲಿ ಮುಗಿಯಿತು. 2018ರ ಮಕ್ಕಳ ಕಳ್ಳರ ವದಂತಿ ಹಾಗೆ ಮುಗಿಯಲಿಲ್ಲ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಊರಿಗೆ ಹೊಸಬರೆಂಬ ಕಾರಣಕ್ಕೆ ಅನುಮಾನಕ್ಕೊಳಗಾದವರನ್ನು ಗುಂಪು ಹೊಡೆದು ಕೊಂದಿತು. ಹೊಡೆದವರ ಪೈಕಿ ಎಷ್ಟೋ ಮಂದಿ ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ನಂಬಿದ್ದಿರಬೇಕು. ಜೊಂಗ್-ಗು ಕೂಡ ಹಾಗೆಯೇ ನಂಬಿದ್ದ.

ನೀವು ತಕ್ಷಣ ಆಕ್ಷೇಪಿಸಬಹುದು: ಸತ್ತನೆಂದುಕೊಂಡ ಮುದುಕ ಕೊನೆಯಲ್ಲಿ ಗುಹೆಯೊಂದರಲ್ಲಿ ನಿಜಕ್ಕೂ ಪಿಶಾಚಿಯಾಗಿಯೇ ಕಾಣುತ್ತಾನಲ್ಲ, ಹಾಗಾದರೆ ಊರಿನವರ ಅನುಮಾನ ಸರಿಯಾಗಿತ್ತಲ್ಲವೇ? ಇದು ಗಟ್ಟಿಯಾದ ಆಕ್ಷೇಪ. ಆದರೆ ಗುಹೆಯ ದೃಶ್ಯವನ್ನು ನೋಡಿ. ಪಾದ್ರಿಯಾಗಲಿರುವ ಯುವಕ ಕುಡುಗೋಲು ಹಿಡಿದು ಒಳಗೆ ಬಂದಿದ್ದಾನೆ. ನೀನು ಆಗಲೇ ತೀರ್ಮಾನಿಸಿಕೊಂಡು ಬಂದಿದ್ದೀಯೆ, ನನ್ನ ಮಾತಿನಿಂದ ಅದು ಬದಲಾಗದು ಎಂಬ ಅರ್ಥದ ಮಾತನ್ನು ಮುದುಕ ಆಡುತ್ತಾನೆ. ಅವನ ರೂಪ ಬದಲಾಗುವುದು ಆ ಮಾತುಕತೆಯ ನಂತರ, ಆ ಯುವಕನ ಕಣ್ಣೆದುರಿಗೆ. ಊರಿಗೆ ಸಾಕ್ಷ್ಯ ಸಿಕ್ಕಿತೆಂದು ನಾನು ಒಪ್ಪುವುದಿಲ್ಲ.

ಮಗಳನ್ನು ಗುಣಪಡಿಸಲೆಂದು ಕರೆಸಿದ ಮಾಂತ್ರಿಕ ನಡೆಸುವ ‘ಗುತ್’ ಎಂಬ ಕೊರಿಯನ್ ಆಚರಣೆಯ ಭಾಗದ ಸಂಕಲನವೂ ಇದೇ ಕೆಲಸ ಮಾಡುತ್ತದೆ. ಇತ್ತ ಅವನು ಮರದ ಕಂಬಕ್ಕೆ ಮೊಳೆ ಹೊಡೆಯುತ್ತಾನೆ, ಅತ್ತ ಮುದುಕ ಸಂಕಟಪಡುತ್ತಾನೆ. ಹೊಡೆತ ಅವನಿಗೇ ಬೀಳುತ್ತಿದೆ ಎಂದು ನಾವು ನಂಬಿಬಿಡುತ್ತೇವೆ. ಹಾಗೆಂದು ಯಾರೂ ಹೇಳಿಲ್ಲ. ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಟ್ಟಿದ್ದಾರೆ, ಅಷ್ಟೇ. ಮನೆಯೊಳಗೆ ಅದೇ ಹೊಡೆತಕ್ಕೆ ಮಗಳು ಹ್ಯೊ-ಜಿನ್ ಒದ್ದಾಡುತ್ತಿರುವುದು ಕಣ್ಣೆದುರಿಗಿದ್ದರೂ ನಾವು ಅದಕ್ಕೆ ಬೇರೆ ಅರ್ಥ ಕೊಡುತ್ತೇವೆ. ಮಾಂತ್ರಿಕನ ಪೆಟ್ಟಿಗೆಯಿಂದ ಸತ್ತವರ ಫೋಟೊಗಳು ಉದುರುವವರೆಗೂ ಅವನ ಮೇಲಿನ ನಂಬಿಕೆ ಹೋಗುವುದಿಲ್ಲ. ಇಷ್ಟು ಹೊತ್ತು ಜೊಂಗ್-ಗುವನ್ನು ದೂರಿದ ನಾವು, ನಿರ್ದೇಶಕರ ಕೈಯಲ್ಲಿ ಅವನಷ್ಟೇ ಅವಸರದವರು.

ಬಿಳಿಯುಡುಗೆಯ ಹೆಂಗಸು ಹೇಳಿದಂತೆ ಕೋಳಿ ಮೂರು ಬಾರಿ ಕೂಗುವವರೆಗೆ ಜೊಂಗ್-ಗು ಮನೆಯೊಳಗೆ ಹೋಗದೆ ಕಾಯಬೇಕಿತ್ತು ಎಂದು ಸುಲಭವಾಗಿ ಹೇಳಬಹುದು. ಮಗಳು ಒಳಗಿರುವಾಗ ಯಾವ ತಂದೆ ನಿಂತಾನು? ಅವನ ಮೇಲೆ ನನಗೆ ಸಿಟ್ಟಿಲ್ಲ, ಸಂಕಟವಿದೆ.

ಚರ್ಚೆಯನ್ನು ಹ್ಯೊ-ಜಿನ್‌ಳಿಂದ ಆರಂಭಿಸೋಣ ಎಂಬುದು ನನ್ನ ಕೋರಿಕೆ. ಮುದುಕನ ಬಗ್ಗೆ ಅಪ್ಪ ಒಂದೇ ಸಮನೆ ವಿಚಾರಿಸಿದಾಗ, ಯಾವುದು ಮುಖ್ಯ ಎಂಬುದೇ ನಿನಗೆ ಗೊತ್ತಿಲ್ಲ ಎಂದು ಅವಳು ರೇಗುತ್ತಾಳೆ. ಆ ಮಾತು ಕೊರಿಯಾದಲ್ಲಿ ಮನೆಮಾತಾಯಿತು. ಅದು ಮೈಮೇಲೆ ಬಂದದ್ದರ ಮಾತೋ, ಜ್ವರದಲ್ಲಿ ಬೆಂದ ಮಗುವಿನ ಮಾತೋ? ಮೊದಲು ಹಿಂದಿನ ಸಾಲಿನಲ್ಲಿರುವ ತಾಯಂದಿರು ಮಾತನಾಡಲಿ. ಮೈಕನ್ನು ದಯವಿಟ್ಟು ಅಲ್ಲಿಗೆ ಕೊಡಿ.