ಎರಡು ದಿನದ ಕೊಡೆ

ಕೇಳುಗರಿಗೆ ನಮಸ್ಕಾರ. ಬಹಳ ದಿನ ಬಾಳದ ವಸ್ತುಗಳ ಬಗ್ಗೆ ಮಾತಾಡಿ ಎಂದಿದ್ದಾರೆ. ಕ್ಷಣಿಕ, ನಶ್ವರ, ಅನಿತ್ಯ ಅಂತೆಲ್ಲ ವಿವರಿಸಲು ಪಂಡಿತರಿದ್ದಾರೆ. ನಾನು ಸಸ್ಯಶಾಸ್ತ್ರದ ಮೇಷ್ಟ್ರು. ನನಗೆ ಗೊತ್ತಿರುವುದು ಅಣಬೆ.

ಏನಾದರೂ ದಿಢೀರ್ ಅಂತ ಎದ್ದು ಮಾಯವಾದರೆ "ನಾಯಿಕೊಡೆ ಥರ" ಅಂತೀವಲ್ವಾ? ಅದನ್ನು ಕೇಳಿದರೆ ನನಗೆ ಸ್ವಲ್ಪ ಸಿಟ್ಟು. ಎರಡು ದಿನದ್ದು ಕೊಡೆ ಮಾತ್ರ. ಅದನ್ನು ಕೊಡುವ ಜೀವ ನೆಲದೊಳಗೆ ವರ್ಷಗಟ್ಟಲೆ ಇರುತ್ತದೆ.

ಆಗುಂಬೆ ಹತ್ತಿರ ನಮ್ಮ ಭಾವನ ತೋಟವಿದೆ. ತೋಟದಂಚಿನ ಹುತ್ತದ ಮೇಲೆ ಆರಿದ್ರಾ ಮಳೆಗೆ ಅಣಬೆ ಏಳುತ್ತಿತ್ತು. ಆ ಜಾಗವನ್ನು ಅವರ ತಾಯಿ ಯಾರಿಗೂ ಹೇಳುತ್ತಿರಲಿಲ್ಲ. ಮಲೆನಾಡಿನಲ್ಲಿ ಅಣಬೆ ಜಾಗ ಅಂದರೆ ಹಾಗೇ, ನೆಂಟರಿಗೂ ಗುಟ್ಟು. ಒಂದು ವರ್ಷ ಭಾವನಿಗೆ ಹೊಳೆಯಿತು. ಪ್ರತಿ ಸಲ ಅಲ್ಲೇ ಏಳುತ್ತೆ ಅಂದರೆ ಒಳಗೆ ಬೀಜದ ಗಂಟೇ ಇರಬೇಕು! ಹಾರೆ ತಗೊಂಡು ಹೋದರು. ಮೊಳದುದ್ದ ಅಗೆದರು. ಸಿಕ್ಕಿದ್ದು ಸುಕ್ಕುಸುಕ್ಕಾದ, ತೂತುತೂತಾದ ಬೂದು ಉಂಡೆಗಳು. ಮುಟ್ಟಿದರೆ ಪುಡಿ. ಗೆದ್ದಲಿನ ಕಸ ಅಂತ ಎತ್ತಿ ಬಿಸಾಡಿದರು. ಮುಂದಿನ ಮಳೆಗಾಲ ಬುಟ್ಟಿ ಹಿಡಿದು ದಿನಾ ಹೋಗಿ ನೋಡುತ್ತಿದ್ದರು. ಒಂದೂ ಇಲ್ಲ. ಅವರ ತಾಯಿ ಕೇಳಿದರು, "ಒಲೆ ಕಿತ್ತು ಹಾಕಿ ದೋಸೆಗೆ ಕಾಯ್ತಾ ಇದೀಯೇನೋ ಮಾರಾಯ?"

ಆ ಉಂಡೆಗಳೇ ಅಣಬೆಯ ಮನೆ. ಗೆದ್ದಲು ಒಣ ಎಲೆ, ಕಟ್ಟಿಗೆ ತಿಂದು ತಂದು ಅಲ್ಲಿ ಪೇರಿಸುತ್ತದೆ. ಅದರ ಮೇಲೆ ಶಿಲೀಂಧ್ರ ಬೆಳೆಯುತ್ತದೆ, ಗಟ್ಟಿ ನಾರನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದದ್ದನ್ನು ಗೆದ್ದಲು ತಿನ್ನುತ್ತದೆ. ಮಳೆ ಬಿದ್ದಾಗ ಅದೇ ಶಿಲೀಂಧ್ರ ಉದ್ದ ಕಾಲು ಚಾಚಿ ಮಣ್ಣು ಸೀಳಿ ಬಂದು ಕೊಡೆ ಬಿಚ್ಚುತ್ತದೆ. ಬೀಜಕಣ ಉದುರಿಸಿದರೆ ಕೊಡೆಯ ಕೆಲಸ ಮುಗಿಯಿತು, ಕೊಳೆಯುತ್ತದೆ. ಅಂಗಡಿಯ ಬಟನ್ ಅಣಬೆಯ ಹಾಗೆ ಇದನ್ನು ಶೆಡ್ಡಿನಲ್ಲಿ ಬೆಳೆದು ಮಾರುವುದು ಸಾಧ್ಯವಾಗಿಲ್ಲ. ಹುತ್ತ ಬೇಕು, ಗೆದ್ದಲು ಬೇಕು. ಇಷ್ಟು ಹೇಳಿದರೂ ಮನೆ ಹಿಂದಿನ ಹುತ್ತಕ್ಕೆ ಸೀಮೆಎಣ್ಣೆ ಸುರಿಯುವವರಿದ್ದಾರೆ. ಏನು ಹೇಳೋದು!

ಸಮಯವಾಯಿತು ಅಂತ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಹೆಬ್ಬಿದಿರಿನ ಕಥೆ ಹೇಳಬೇಕಿತ್ತು. ಸುಮಾರು 40 ವರ್ಷಕ್ಕೊಮ್ಮೆ ಹೂಬಿಟ್ಟು ಇಡೀ ಮೆಳೆ ಸಾಯುತ್ತದೆ, ಉದುರಿದ ಬಿದಿರಕ್ಕಿಯಿಂದ ಹೊಸ ಸಸಿ ಏಳುತ್ತದೆ. ದೀಪಕ್ಕೆ ಮುತ್ತುವ ಮಳೆಹುಳವೂ ಗೆದ್ದಲೇ. ರೆಕ್ಕೆ ಒಂದು ಸಂಜೆಯದು. ರೆಕ್ಕೆ ಕಳಚಿ ನೆಲ ಸೇರಿದ ಹೆಣ್ಣು ರಾಣಿಯಾಗಿ 10 ವರ್ಷಕ್ಕೂ ಜಾಸ್ತಿ ಬದುಕಬಲ್ಲದು. ಕಾಣುವುದು ಮಾತ್ರ ಬೇಗ ಹೋಗುತ್ತದೆ ಅಂತ ಆಗಿನಿಂದ ಹೇಳುತ್ತಿರುವುದು ಇದಕ್ಕೇ.

ಈ ಮಳೆಗಾಲ ಅಣಬೆ ಕಂಡರೆ ಬುಡ ಹಿಡಿದು ಮೆಲ್ಲಗೆ ತಿರುಚಿ ಕೀಳಿ. ನಾಲ್ಕಾರು ಅರಳಲು ಬಿಡಿ. ಹಾರೆ ಮನೆಯಲ್ಲೇ ಇರಲಿ. ಗುರುತಿಲ್ಲದ್ದನ್ನು ಸಾರಿಗೆ ಹಾಕಬೇಡಿ, ವಿಷದ ಅಣಬೆಗಳೂ ಇವೆ. ಬೆಳ್ಳಿ ಹಾಕಿ ನೋಡುವ ಪರೀಕ್ಷೆಯನ್ನಂತೂ ನಂಬಲೇಬೇಡಿ. ನಮಸ್ಕಾರ.