ಬೀಜದ ಹೊತ್ತು ಬಲ್ಲ ತುಳಸಿ ಗೌಡ

ಕೇಳುಗರಿಗೆ ನಮಸ್ಕಾರ.

ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅವರ ಸುದ್ದಿ ಬಂದಲ್ಲೆಲ್ಲ ಒಂದು ಲೆಕ್ಕವೂ ಬರುತ್ತಿತ್ತು. ನೆಟ್ಟದ್ದು ಮೂವತ್ತು ಸಾವಿರ ಗಿಡ ಅಂತ ಕೆಲವರು, ಲಕ್ಷ ಅಂತ ಇನ್ನು ಕೆಲವರು. ನನಗೆ ಆ ಲೆಕ್ಕಕ್ಕಿಂತ ದೊಡ್ಡದಾಗಿ ಕಾಣುವುದು ಅವರಿಗಿದ್ದ ಬೀಜದ ತಿಳಿವಳಿಕೆ. ಇವತ್ತು ಅದನ್ನೇ ಹೇಳಬೇಕು ಅಂತಿದ್ದೇನೆ.

ತುಳಸಿ ಹುಟ್ಟಿದ್ದು ಉತ್ತರ ಕನ್ನಡದ ಬುಡಕಟ್ಟು ಜನರಾದ ಹಾಲಕ್ಕಿ ಒಕ್ಕಲಿಗರ ಬಡ ಮನೆಯಲ್ಲಿ. ಎಳೆ ಮಗುವಿದ್ದಾಗಲೇ ಅಪ್ಪ ಹೋದರು. ಶಾಲೆಯ ಮಾತೇ ಇರಲಿಲ್ಲ. ತಾಯಿ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋಗುತ್ತಿದ್ದರು. ಮಗಳೂ ಬೆನ್ನಿಗೇ ಹೋದಳು. ಮುಂದೆ ಮೂವತ್ತು ವರ್ಷಕ್ಕೂ ಜಾಸ್ತಿ ದಿನಗೂಲಿ. ಕೆಲಸ ಕಾಯಂ ಆಗಿದ್ದು ಆಮೇಲೆ. ಇಷ್ಟು ಬಲ್ಲವರನ್ನು ಅಷ್ಟು ವರ್ಷ ದಿನಗೂಲಿಯಲ್ಲೇ ಇಟ್ಟೆವಲ್ಲ ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ.

ನರ್ಸರಿ ಕೆಲಸ ಅಂದರೆ ಸುಮ್ನೆ ಚೀಲಕ್ಕೆ ಮಣ್ಣು ತುಂಬಿ ನೀರು ಹಾಕುವುದಲ್ಲ. ಮೊದಲು ಒಳ್ಳೆಯ ಬೀಜ ಬೇಕು. ಒಳ್ಳೆಯ ಬೀಜಕ್ಕೆ ಒಳ್ಳೆಯ ತಾಯಿಮರ ಬೇಕು. ನೆಟ್ಟಗೆ ಬೆಳೆದದ್ದು, ರೋಗವಿಲ್ಲದ್ದು, ವಯಸ್ಸಿಗೆ ಬಂದದ್ದು. ಕಾಡಿನಲ್ಲಿ ಒಂದೇ ಜಾತಿಯ ಮರಗಳು ಸಾಲಾಗಿ ನಿಂತಿದ್ದರೂ, ಬೀಜ ತರಬೇಕಾದದ್ದು ಇದರಿಂದ ಅಂತ ಗುರುತಿಸುವ ಕಣ್ಣು ತುಳಸಿಗಿತ್ತು. ಅವರು ಹೆಸರಾದದ್ದೇ ಇದಕ್ಕೆ.

ಮರ ಸಿಕ್ಕರೆ ಸಾಲದು, ಹೊತ್ತೂ ಗೊತ್ತಿರಬೇಕು. ಬಲಿಯುವ ಮೊದಲೇ ಕಿತ್ತ ಬೀಜ ಮೊಳೆಯುವುದಿಲ್ಲ. ತಡವಾದರೆ ಹುಳ ಹಿಡಿಯುತ್ತದೆ, ಇಲ್ಲವೇ ಅಳಿಲು, ಹಕ್ಕಿಗಳ ಪಾಲಾಗುತ್ತದೆ. ಧೂಪದ ಮರದ ಬೀಜವನ್ನು ಒಣಗಿಸಿ ಇಟ್ಟುಕೊಳ್ಳುವ ಹಾಗಿಲ್ಲ. ಒಣಗಿದರೆ ಸತ್ತೇ ಹೋಗುತ್ತದೆ, ತಂದ ಕೂಡಲೇ ಬಿತ್ತಬೇಕು. ಸಾಗುವಾನಿಯದು ಬೇರೆಯೇ ಪಾಡು. ಚಿಪ್ಪು ಗಟ್ಟಿ. ಅದನ್ನು ನೀರಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಸಿ, ಹೀಗೆ ಹಲವು ದಿನ ಮಾಡಿದರೇನೇ ಮೊಳಕೆ ಚೆನ್ನಾಗಿ ಬರುವುದು. ಪಶ್ಚಿಮ ಘಟ್ಟದಲ್ಲಿ ಎಷ್ಟು ಜಾತಿಯ ಮರಗಳಿವೆ, ನೀವೇ ನೋಡಿದ್ದೀರಿ ಅಲ್ವಾ? ಒಂದೊಂದಕ್ಕೂ ಒಂದೊಂದು ರೀತಿ. ಇದನ್ನೆಲ್ಲ ಓದು ಬರಹ ಬಾರದ ಹೆಣ್ಣುಮಗಳು ಮಣ್ಣಿನಲ್ಲಿ ಕೈಯಿಟ್ಟೇ ಕಲಿತರು.

ಅರಣ್ಯಾಧಿಕಾರಿಯಾಗಿದ್ದ ಅ.ನ. ಯಲ್ಲಪ್ಪ ರೆಡ್ಡಿಯವರು ಈ ಗುಣವನ್ನು ಕಂಡು ನಾಲ್ಕು ಜನರಿಗೆ ತಿಳಿಸಿದರು. 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಬಂತು, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 2020ರ ಪದ್ಮಶ್ರೀಯನ್ನು ಕೊರೊನಾದಿಂದಾಗಿ 2021ರ ನವೆಂಬರಿನಲ್ಲಿ ಪಡೆದರು. ಹಾಲಕ್ಕಿ ಉಡುಗೆ, ಕೊರಳ ತುಂಬ ಮಣಿಸರ, ಬರಿಗಾಲು. ರಾಷ್ಟ್ರಪತಿ ಭವನಕ್ಕೂ ಹೊನ್ನಳ್ಳಿಯ ತುಳಸಿಯಾಗಿಯೇ ಹೋದರು. ಆ ಚಿತ್ರ ನೋಡಿ ನನಗಂತೂ ಎದೆ ತುಂಬಿ ಬಂತು. ನಿವೃತ್ತಿಯಾದ ಮೇಲೂ ಅವರು ಸಸಿ ಬೆಳೆಸುವುದು ಬಿಡಲಿಲ್ಲ, ಮಕ್ಕಳಿಗೆ ಕಾಡಿನ ವಿಷಯ ಹೇಳಿಕೊಡುವುದೂ ಬಿಡಲಿಲ್ಲ.

ಅದೇ ತಾಲ್ಲೂಕಿನ ಬಡಗೇರಿಯವರು ಸುಕ್ರಿ ಬೊಮ್ಮ ಗೌಡ. ಹಾಲಕ್ಕಿ ಹಾಡುಗಳ ಕಣಜ ಅವರು. ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರುದ್ಧ ನಿಂತವರು. ತುಳಸಿ ಹೋದ ಎರಡೇ ತಿಂಗಳಿಗೆ, 2025ರ ಫೆಬ್ರವರಿಯಲ್ಲಿ, ಅವರೂ ಹೋದರು. ಸುಕ್ರಜ್ಜಿಯ ಹಾಡುಗಳನ್ನು ಕಾರವಾರ ಆಕಾಶವಾಣಿ ಧ್ವನಿಮುದ್ರಿಸಿ ಇಟ್ಟಿದೆ. ತುಳಸಿಯವರ ವಿದ್ಯೆಯನ್ನು ಹಾಗೆ ಪೂರ್ತಿ ಹಿಡಿದಿಡುವುದು ಕಷ್ಟ. ಅದು ಜೊತೆಗೆ ಕಾಡಿಗೆ ಹೋಗಿ, ಬೀಜ ಆರಿಸಿದವರಿಗಷ್ಟೇ ದಕ್ಕುತ್ತದೆ.

ಅಂಥ ಹೆಂಗಸರು ನಮ್ಮ ನರ್ಸರಿಗಳಲ್ಲಿ ಈಗಲೂ ಇದ್ದಾರೆ. ಮಳೆಗಾಲದ ಮುಂಚೆ ಸಸಿ ತರಲು ಹೋಗುತ್ತೀರಲ್ಲ, ಆಗ ಅವರನ್ನು ಮಾತಾಡಿಸಿ. ಈ ಬೀಜ ಯಾವ ಮರದ್ದು, ಯಾವ ತಿಂಗಳಲ್ಲಿ ತಂದಿರಿ ಅಂತ ಕೇಳಿ. ಜೊತೆಗೆ ಮಕ್ಕಳಿದ್ದರೆ ಅವರಿಂದಲೇ ಕೇಳಿಸಿ.

ನಮಸ್ಕಾರ.